ಫ್ರತೆರ್ನಿತೆ, ಭ್ರಾತೃತ್ವ, ಮೈತ್ರಿ





ಇಂದಿನ ಚಿಂತನೆಗೆ ಒಂದು ಪದವನ್ನು ಆರಿಸಿಕೊಂಡಿದ್ದೇನೆ. ಅದು ಪಾಲಿ ಪದವಲ್ಲ, ಕನ್ನಡದ್ದೂ ಅಲ್ಲ. 'ಫ್ರತೆರ್ನಿತೆ' ಎಂಬ ಫ್ರೆಂಚ್ ಪದ. ಇಂಗ್ಲಿಷಿನಲ್ಲಿ ಇದು 'ಫ್ರೆಟರ್ನಿಟಿ' ಆಯಿತು. ನಮ್ಮ ಸಂವಿಧಾನದ ಪೀಠಿಕೆಯ ಕನ್ನಡ ಪಾಠದಲ್ಲಿ 'ಭ್ರಾತೃಭಾವನೆ' ಆಗಿದೆ. ಭಾಷಣಗಳಲ್ಲಿ ನಾವು ಭ್ರಾತೃತ್ವ, ಸಹೋದರತೆ, ಬಂಧುತ್ವ ಎಂದೆಲ್ಲ ಹೇಳುತ್ತೇವೆ.

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪೀಠಿಕೆ ಓದಿಸುತ್ತಿದ್ದೇವೆ. ಮಕ್ಕಳಿಗೆ ಸ್ವಾತಂತ್ರ್ಯ ಅಂದರೇನು ಅಂತ ಕೇಳಿದರೆ ಹೇಳುತ್ತಾರೆ. ಸಮಾನತೆ ಅಂದರೇನು ಅಂದರೂ ಹೇಳುತ್ತಾರೆ. ಭ್ರಾತೃಭಾವನೆ ಅಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದೊಡ್ಡವರಾದ ನಾವೂ ಹೆಚ್ಚು ಕಡಿಮೆ ಹಾಗೆಯೇ. ಮೊದಲ ಎರಡು ಪದಗಳಿಗಾಗಿ ಹೋರಾಡುತ್ತೇವೆ, ಕೋರ್ಟಿಗೂ ಹೋಗುತ್ತೇವೆ. ಮೂರನೆಯದನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಸುಮ್ಮನಾಗುತ್ತೇವೆ. ಆದರೆ ಬಾಬಾಸಾಹೇಬರು ಮೂರರಲ್ಲಿ ಅತಿ ಎತ್ತರದ ಸ್ಥಾನ ಕೊಟ್ಟದ್ದು ಈ ಮೂರನೆಯದಕ್ಕೇ. ಯಾಕೆ ಎಂಬುದು ಇಂದಿನ ಪ್ರಶ್ನೆ.

*ಒಂದು ಪದ, ಹಲವು ಅರ್ಥ*

ಫ್ರೆಂಚರಿಗೆ ಈ ಪದದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಮೊದಲನೆಯದು ಒಂದೇ ತಂದೆತಾಯಿಯ ಗಂಡುಮಕ್ಕಳ ನಡುವಿನ ರಕ್ತಸಂಬಂಧ. ಎರಡನೆಯದು ಒಂದೇ ಕಷ್ಟವನ್ನು ಹಂಚಿಕೊಂಡವರ ನಡುವೆ ಬೆಳೆಯುವ ನಂಟು. ಒಂದೇ ಯುದ್ಧದಲ್ಲಿ ಹೋರಾಡಿದ ಸೈನಿಕರ ನಡುವಿನದಕ್ಕೂ ಇದೇ ಪದ. ಮೂರನೆಯದು ಒಂದು ಧಾರ್ಮಿಕ ಕೂಟ, ಮಠದಂಥದ್ದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮನುಷ್ಯರೆಲ್ಲರೂ ಒಂದೇ ಎಂಬ ಭಾವ.

ಮೊದಲ ಮೂರು ಅರ್ಥಗಳನ್ನು ಗಮನಿಸಿ. ಮೂರಕ್ಕೂ ಒಂದು ಬೇಲಿ ಇದೆ. ಮನೆಯ ಬೇಲಿ, ಪಡೆಯ ಬೇಲಿ, ಕೂಟದ ಬೇಲಿ. ಒಳಗಿರುವವನು ಸೋದರ, ಹೊರಗಿರುವವನು ಅಲ್ಲ. ನಾಲ್ಕನೆಯ ಅರ್ಥ ಮಾತ್ರ ಬೇಲಿ ಇಲ್ಲ ಎನ್ನುತ್ತದೆ. ಒಂದೇ ಪದದೊಳಗೆ ಬೇಲಿಯೂ ಇದೆ, ಬಯಲೂ ಇದೆ. ಈ ಪದದ ಚರಿತ್ರೆಯೆಲ್ಲ ಈ ಎರಡರ ಜಗಳ.

1789ರ ಫ್ರೆಂಚ್ ಹಕ್ಕುಗಳ ಘೋಷಣೆಯಲ್ಲಿ ಈ ಪದ ಇರಲಿಲ್ಲ. ಸ್ವಾತಂತ್ರ್ಯ ಇತ್ತು, ಸಮಾನತೆ ಇತ್ತು. ಮೂರೂ ಪದಗಳನ್ನು ಸಾಲಾಗಿ ಇಟ್ಟು 1790ರ ಕೊನೆಯಲ್ಲಿ ರೋಬೆಸ್ಪಿಯರ್ ಮಾತಾಡಿದ. 1793ರ ಹೊತ್ತಿಗೆ ಪ್ಯಾರಿಸಿನ ಗೋಡೆಗಳ ಮೇಲೆ ಅದು ಬಂತು, ಆದರೆ ಒಂದು ಬಾಲ ಅಂಟಿಸಿಕೊಂಡು: ಸ್ವಾತಂತ್ರ್ಯ, ಸಮಾನತೆ, ಸೋದರತೆ, ಇಲ್ಲವೇ ಸಾವು. 'ನನ್ನ ಸೋದರನಾಗು, ಇಲ್ಲದಿದ್ದರೆ ಕೊಲ್ಲುತ್ತೇನೆ' ಎಂಬುದೇ ಇದರ ಅರ್ಥ ಎಂದು ಅಲ್ಲಿನ ಬರಹಗಾರ ಶಾಂಫೋರ್ ಲೇವಡಿ ಮಾಡಿದನಂತೆ. ಹೆಂಗಸರಿಗೂ ಇದೇ ಹಕ್ಕುಗಳು ಬೇಕೆಂದು 1791ರಲ್ಲಿ ಬರೆದ ಒಲಿಂಪ್ ದ ಗೂಜ್ ಎಂಬಾಕೆಯನ್ನು 1793ರಲ್ಲಿ ಗಿಲೊಟಿನ್ ಯಂತ್ರಕ್ಕೆ ಕೊಟ್ಟರು. ಫ್ರಾನ್ಸಿನ ಹೆಂಗಸರು ಮೊದಲ ಬಾರಿ ಮತ ಹಾಕಿದ್ದು 1945ರಲ್ಲಿ.

ಸಮುದ್ರದಾಚೆಯ ಕತೆ ಇನ್ನೂ ಕಹಿ. ಇಂದಿನ ಹೈತಿ ದೇಶ ಆಗ ಫ್ರಾನ್ಸಿನ ವಸಾಹತು. ಅಲ್ಲಿನ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಕಪ್ಪು ಜನ 1791ರಲ್ಲಿ ದಂಗೆ ಎದ್ದರು. 1794ರಲ್ಲಿ ಫ್ರಾನ್ಸ್ ಗುಲಾಮಗಿರಿ ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಹೈತಿಯ ಜನ ಅವನ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. ಇಂದು ಹೈತಿಯ ರಾಷ್ಟ್ರಘೋಷವೂ ಇದೇ ಮೂರು ಪದ. ಯಾರು ಈ ಪದಗಳನ್ನು ಹುಟ್ಟುಹಾಕಿದರೋ ಅವರೊಂದಿಗೇ ಹೋರಾಡಿ ಅದರ ಅರ್ಥವನ್ನು ಪಡೆಯಬೇಕಾಯಿತು. ಈ ಕತೆ ನಮಗೆ ಅಪರಿಚಿತವಲ್ಲ.

*ನಮ್ಮ ಪದಗಳೂ ಅದೇ ಬಳ್ಳಿಯವು*

'ಫ್ರತೆರ್ನಿತೆ' ಬಂದದ್ದು ಲ್ಯಾಟಿನ್ನಿನ 'ಫ್ರಾತೆರ್' ಎಂಬ ಪದದಿಂದ. ಸಂಸ್ಕೃತದ 'ಭ್ರಾತೃ', ಇಂಗ್ಲಿಷಿನ 'ಬ್ರದರ್' ಎಲ್ಲವೂ ಒಂದೇ ಬೇರಿನವು. ಆದ್ದರಿಂದ ಭ್ರಾತೃತ್ವ ಎಂಬುದು ಬರಿಯ ಅನುವಾದವಲ್ಲ, ಅದರ ಒಡಹುಟ್ಟು. ಗುಣವೂ ಒಂದೇ.

ಪೀಠಿಕೆ ಓದಿದ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಭ್ರಾತೃ ಅಂದ್ರೆ ಅಣ್ಣ ತಮ್ಮ ಅಲ್ವಾ? ಹಾಗಾದ್ರೆ ಅಕ್ಕ ತಂಗಿ ಎಲ್ಲಿ ಬರ್ತಾರೆ?" ಒಳ್ಳೆಯ ಪ್ರಶ್ನೆ. ಫ್ರಾನ್ಸಿನಲ್ಲೂ ಇದನ್ನು ಕೇಳುತ್ತಿದ್ದಾರೆ. 2018ರಲ್ಲಿ ಅಲ್ಲಿನ ಸ್ತ್ರೀ-ಪುರುಷ ಸಮಾನತೆಯ ಉನ್ನತ ಮಂಡಳಿ ಈ ಪದಕ್ಕೆ ಬದಲಾಗಿ 'ಅದೆಲ್ಫಿತೆ'ಯಂಥ ಪದ ಬಳಸಬಹುದೇ ಎಂದು ಚರ್ಚೆ ಎತ್ತಿತು. ಅದು ಗ್ರೀಕ್ ಮೂಲದ್ದು. ಒಂದೇ ಗರ್ಭದಿಂದ ಬಂದವರು ಎಂದರ್ಥ, ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮ 'ಸಹೋದರ' ಎಂಬುದಕ್ಕೂ ಮೂಲದಲ್ಲಿ ಒಂದೇ ಉದರದವರು ಎಂದೇ ಅರ್ಥ. ಅಚ್ಚಗನ್ನಡದಲ್ಲಿ ಇನ್ನೂ ಚೆಂದದ ಪದವಿದೆ: ಒಡಹುಟ್ಟು. ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರೂ ಒಡಹುಟ್ಟಿದವರೇ. ಆ ಹುಡುಗಿಗೆ ಈ ಪದ ಕೊಟ್ಟೆ, ಖುಷಿಪಟ್ಟಳು.

ಆದರೆ ಒಡಹುಟ್ಟು ಎಂಬುದರಲ್ಲೂ 'ಹುಟ್ಟು' ಉಳಿದೇ ಇದೆ. ನಮ್ಮ ನಾಡಿನಲ್ಲಿ ಹುಟ್ಟು ಎಂದ ಕೂಡಲೇ ಜಾತಿ ಬಾಗಿಲು ತಟ್ಟುತ್ತದೆ. ವಿಜಯನಗರ, ರಾಜಾಜಿನಗರದ ಕಲ್ಯಾಣ ಮಂಟಪಗಳ ಮುಂದೆ 'ಸಮಾಜ ಬಾಂಧವರಿಗೆ ಆದರದ ಸ್ವಾಗತ' ಎಂಬ ಬ್ಯಾನರ್ ನೋಡಿರುತ್ತೀರಿ. ಅಲ್ಲಿ ಸಮಾಜ ಎಂದರೆ ಒಂದು ಜಾತಿ. ಬಾಂಧವರು ಎಂದರೆ ಆ ಜಾತಿಯವರು. ಅವರೊಳಗೆ ಪ್ರೀತಿಯಿಲ್ಲ ಎನ್ನಲಾಗದು. ಬಡ ಹುಡುಗರಿಗೆ ಹಾಸ್ಟೆಲ್ ಕಟ್ಟುತ್ತಾರೆ, ವಿದ್ಯಾರ್ಥಿವೇತನ ಕೊಡುತ್ತಾರೆ. ಅದೂ ಬಂಧುತ್ವವೇ, ಬೇಲಿಯೊಳಗಿನ ಬಂಧುತ್ವ. ಜಾತಿ ಎಂದರೆ ಬಂಧುತ್ವವೇ ಇಲ್ಲದಿರುವುದಲ್ಲ. ತಮ್ಮವರ ಮಟ್ಟಿಗೆ ಬೇಕಾದಷ್ಟಿದ್ದು, ಗಡಿ ದಾಟಿದ ಕೂಡಲೇ ಬತ್ತಿಹೋಗುವುದು. ಅದೇ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಬಾಯಿತುಂಬ "ಬನ್ನಿ ಅಣ್ಣಾ" ಎಂದವರೇ ಮರುಕ್ಷಣ "ನೀವು ಯಾವ ಜನ?" ಎನ್ನುತ್ತಾರೆ. 'ಅಣ್ಣ' ಎನ್ನಲು ಖರ್ಚಿಲ್ಲ, ಮನೆ ಕೊಡಲು ಖರ್ಚಿದೆ.

ಬೇಲಿಯೊಳಗಿನ ಬಂಧುತ್ವವೂ ಎಷ್ಟು ಗಟ್ಟಿ? ನಮ್ಮ ಹಳ್ಳಿಯ ಹಿರಿಯರಿಗೆ ಅದು ಗೊತ್ತಿತ್ತು: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ದಾಯ ಎಂದರೆ ಪಾಲು. ಪಾಲಿನ ಹೊತ್ತು ಬಂದಾಗ ರಕ್ತ ನೀರಾಗುತ್ತದೆ.

*ಬಾಬಾಸಾಹೇಬರು ಮಾಡಿದ್ದೇನು?*

ಬಾಬಾಸಾಹೇಬರಿಗೆ ಫ್ರಾನ್ಸಿನ ಕತೆ ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮಾತಾಡುತ್ತಾ ಅವರು ಆ ಸಭೆಯನ್ನು 1789ರ ಫ್ರೆಂಚ್ ರಾಷ್ಟ್ರೀಯ ಸಭೆಗೆ ಹೋಲಿಸಿದ್ದರು. 1936ರ 'ಜಾತಿ ವಿನಾಶ'ದಲ್ಲಿ ತಮ್ಮ ಆದರ್ಶ ಸಮಾಜಕ್ಕೆ ಇದೇ ಮೂರು ಪದಗಳ ಬುನಾದಿ ಹಾಕಿದರು. ಅಂಥವರು 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ, ಈ ಮೂರನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದದ್ದಲ್ಲ, ತನ್ನ ಗುರು ಬುದ್ಧನ ಬೋಧನೆಯಿಂದ ಪಡೆದದ್ದು ಎಂದರು. ಸ್ವಾತಂತ್ರ್ಯ ಸಮಾನತೆಗಳನ್ನು ಕಾನೂನು ಒಂದು ಮಟ್ಟಿಗೆ ಕಾಯಬಹುದು, ನಿಜವಾದ ಕಾವಲು ಸೋದರತೆಯೇ, ಅದರ ಇನ್ನೊಂದು ಹೆಸರೇ ಧರ್ಮ ಎಂಬುದು ಆ ಮಾತಿನ ಸಾರ.

ಇದು ಬರಿಯ ಸ್ವಾಭಿಮಾನದ ಮಾತು ಎಂದು ಕೆಲವರು ತಿಳಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಬರಹದಲ್ಲಿ ಅವರು ಲೆಕ್ಕ ಹಾಕಿದ್ದಾರೆ: ಫ್ರೆಂಚ್ ಕ್ರಾಂತಿ ಮೂರನ್ನೂ ಕೂಗಿತು, ಸಮಾನತೆಯನ್ನು ತರಲಾಗಲಿಲ್ಲ. ರಷ್ಯಾದ ಕ್ರಾಂತಿ ಸಮಾನತೆ ತರಲು ಹೊರಟಿತು, ಆದರೆ ಅದಕ್ಕಾಗಿ ಸ್ವಾತಂತ್ರ್ಯವನ್ನೂ ಸೋದರತೆಯನ್ನೂ ಬಲಿ ಕೊಡಲಾಗದು. ಮೂರೂ ಒಟ್ಟಿಗೆ ಬಾಳಬೇಕಾದರೆ ಬುದ್ಧನ ದಾರಿಯೇ ಬೇಕು. ಪದವನ್ನು ಅವರು ಬಿಡಲಿಲ್ಲ, ಅದರ ಬೇರನ್ನು ಬದಲಿಸಿದರು.

ಸಂವಿಧಾನಕ್ಕೆ ಈ ಪದ ಬಂದ ಬಗೆಯನ್ನೂ ನಾವು ತಿಳಿದಿರಬೇಕು. 1946ರ ಡಿಸೆಂಬರಿನಲ್ಲಿ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಇದು ಇರಲಿಲ್ಲ. ಕರಡು ಸಮಿತಿ ಸೇರಿಸಿತು. 1948ರ ಫೆಬ್ರವರಿ 21ರಂದು ಕರಡನ್ನು ಒಪ್ಪಿಸುವ ಪತ್ರದಲ್ಲಿ ಬಾಬಾಸಾಹೇಬರು ಇದನ್ನು ವಿವರಿಸಿದ್ದಾರೆ: ದೇಶಕ್ಕೆ ಸೋದರ ಸೌಹಾರ್ದ ಇಂದಿನಷ್ಟು ಅಗತ್ಯವಾಗಿ ಹಿಂದೆಂದೂ ಬೇಕಾಗಿರಲಿಲ್ಲ ಎಂದು ಸಮಿತಿಗೆ ಅನಿಸಿತು. ದೇಶ ವಿಭಜನೆಯ ರಕ್ತ ಇನ್ನೂ ಒಣಗಿರಲಿಲ್ಲ. ಗಾಂಧೀಜಿಯ ಕೊಲೆಯಾಗಿ ಮೂರು ವಾರವಾಗಿತ್ತು. ಮರುವರ್ಷ ನವೆಂಬರ್ 25ರ ಭಾಷಣದಲ್ಲಿ, ಸೋದರತೆ ಇಲ್ಲದಿದ್ದರೆ ಸ್ವಾತಂತ್ರ್ಯ ಸಮಾನತೆಗಳು ಮೇಲಿನ ಬಣ್ಣದಷ್ಟೇ ತೆಳ್ಳಗಿರುತ್ತವೆ ಎಂದು ಎಚ್ಚರಿಸಿದರು. ಜಾತಿಗಳು ರಾಷ್ಟ್ರವಿರೋಧಿ ಎಂದು ಸ್ಪಷ್ಟವಾಗಿ ಹೇಳಿದ್ದೂ ಅಲ್ಲೇ.

*ಸೋದರನಲ್ಲ, ಮಿತ್ರ*

ಬುದ್ಧನ ಪದ ಮೈತ್ರಿ, ಪಾಲಿಯಲ್ಲಿ ಮೆತ್ತ. ಅದರ ಬೇರು 'ಮಿತ್ರ'. ಇಲ್ಲೇ ವ್ಯತ್ಯಾಸ ಇರುವುದು. ಸೋದರ ಹುಟ್ಟಿನಿಂದ ಆಗುತ್ತಾನೆ, ಮಿತ್ರ ನಡತೆಯಿಂದ ಆಗುತ್ತಾನೆ. ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ, ಕರ್ಮದಿಂದಲೇ ಎಂದ ಬುದ್ಧನಿಗೆ ಹುಟ್ಟಿನ ಪದಕ್ಕಿಂತ ನಡತೆಯ ಪದ ಸರಿಹೊಂದುತ್ತದೆ. ಒಳ್ಳೆಯ ಮಿತ್ರರ ಸಂಗ ಈ ಬದುಕಿನ ಅರ್ಧ ಎಂದು ಆನಂದ ಹೇಳಿದಾಗ, ಅರ್ಧವಲ್ಲ, ಅದೇ ಪೂರ್ತಿ ಎಂದು ಬುದ್ಧ ತಿದ್ದಿದ್ದನ್ನು ನಮ್ಮ ಅಧ್ಯಯನದಲ್ಲಿ ಓದಿದ್ದೇವೆ.

ಶಾಕ್ಯರ ರಾಜಕುಮಾರರು ಸಂಘ ಸೇರಲು ಬಂದ ಕತೆ ನೆನಪಿಸಿಕೊಳ್ಳಿ. ಅನುರುದ್ಧ, ಆನಂದ, ದೇವದತ್ತ ಮೊದಲಾದವರು. ಜೊತೆಯಲ್ಲಿ ಕ್ಷೌರಿಕ ಉಪಾಲಿ. "ನಮಗೆ ಕುಲದ ಹಮ್ಮು ಹೆಚ್ಚು. ಉಪಾಲಿಗೆ ಮೊದಲು ದೀಕ್ಷೆ ಕೊಡಿ, ನಾವು ಅವನಿಗೆ ವಂದಿಸುವಂತಾಗಲಿ" ಎಂದು ಅವರೇ ಬೇಡಿದರು. ಸಂಘದಲ್ಲಿ ಮೊದಲು ದೀಕ್ಷೆ ಪಡೆದವನೇ ಹಿರಿಯ. ಹೀಗೆ ಸೇವಕನಾಗಿದ್ದವನು ಒಡೆಯರಿಗೆ ಹಿರಿಯನಾದ. ಮುಂದೆ ಏನಾಯಿತು ನೋಡಿ. ರಕ್ತಸಂಬಂಧಿಯಾದ ದೇವದತ್ತ ಬುದ್ಧನ ಪ್ರಾಣಕ್ಕೇ ಕೈ ಹಾಕಿದ. ಯಾವ ನಂಟೂ ಇಲ್ಲದ ಉಪಾಲಿ, ಬುದ್ಧನ ನಂತರದ ಮೊದಲ ಸಂಗೀತಿಯಲ್ಲಿ ವಿನಯವನ್ನು ನೆನಪಿನಿಂದ ಒಪ್ಪಿಸಿದ.

ಮೆತ್ತ ಸುತ್ತದಲ್ಲಿ ಬರುವ ಹೋಲಿಕೆಯೂ ಅಣ್ಣತಮ್ಮಂದಿರದಲ್ಲ. ಇರುವ ಒಂದೇ ಮಗುವನ್ನು ಪ್ರಾಣ ಕೊಟ್ಟು ಕಾಯುವ ತಾಯಿಯದು. ಆ ತಾಯಿಯ ಮನಸ್ಸನ್ನು ಎಲ್ಲ ಜೀವಿಗಳ ಕಡೆಗೆ ಎಲ್ಲೆಯಿಲ್ಲದೆ ಬೆಳೆಸು ಎನ್ನುತ್ತದೆ ಸುತ್ತ. ಎಷ್ಟು ಪ್ರೀತಿ ಎಂಬುದಕ್ಕೆ ತಾಯಿ ಅಳತೆ. ಎಷ್ಟು ಜನಕ್ಕೆ ಎಂಬುದಕ್ಕೆ ಅಳತೆಯೇ ಇಲ್ಲ. ಕರುಣೆ ಮನುಷ್ಯರ ಮೇಲಿನದು, ಮೈತ್ರಿ ಎಲ್ಲ ಜೀವಿಗಳ ಮೇಲಿನದು, ಆದ್ದರಿಂದ ಕರುಣೆಗಿಂತ ಮುಂದಿನದು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸುತ್ತಾರೆ. 22 ಪ್ರತಿಜ್ಞೆಗಳಲ್ಲೂ ಇದು ಇದೆ.

ಕನ್ನಡ ಪತ್ರಿಕೆಗಳಲ್ಲಿ ಮಾತ್ರ ಮೈತ್ರಿ ಎಂದರೆ ಸೀಟು ಹಂಚಿಕೆ. 2018ರಲ್ಲಿ ಮೈತ್ರಿ ಸರ್ಕಾರ ಬಂತು, 2019ರಲ್ಲಿ ಮೈತ್ರಿ ಮುರಿದುಬಿತ್ತು. ಎಣಿಸಿ ಕಟ್ಟಿದ್ದು ಎಣಿಕೆ ತಪ್ಪಿದಾಗ ಮುರಿಯುತ್ತದೆ. ಭಾನುವಾರ ವಿಹಾರದಲ್ಲಿ ನಾವು ಹೇಳುವ ಮೈತ್ರಿ ಆ ಜಾತಿಯದಲ್ಲ.

*ಹಾಗಾದರೆ ತುಳಿದವರಿಗೂ ಮೈತ್ರಿಯೇ?*

ಈ ಪ್ರಶ್ನೆ ನಮ್ಮ ಕಿರಿಯರು ಪದೇ ಪದೇ ಕೇಳುತ್ತಾರೆ. ಮನೆ ಬಾಡಿಗೆ ಕೊಡದವರನ್ನು, ಬೇರೆ ಲೋಟದಲ್ಲಿ ನೀರು ಕೊಟ್ಟವರನ್ನು ನಾವೇ ಹೋಗಿ ಅಪ್ಪಿಕೊಳ್ಳಬೇಕಾ? ಸಿಟ್ಟು ನ್ಯಾಯವಾದದ್ದು. ಉತ್ತರ ಪೀಠಿಕೆಯಲ್ಲೇ ಇದೆ. ಭ್ರಾತೃಭಾವನೆಯ ಸಾಲಿನಲ್ಲಿ ಮೊದಲು ಬರುವುದು ವ್ಯಕ್ತಿಗೌರವ, ಆಮೇಲೆ ರಾಷ್ಟ್ರದ ಏಕತೆ. ಗೌರವ ಬಿಟ್ಟು ಏಕತೆ ಇಲ್ಲ. ತಲೆ ಬಗ್ಗಿಸಿ ಪಡೆದ ಸೋದರತೆ ಗುಲಾಮಗಿರಿಯ ಮತ್ತೊಂದು ಹೆಸರು. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದಾಗ ಬಾಬಾಸಾಹೇಬರು ಯಾರನ್ನೂ ದ್ವೇಷಿಸಲು ಹೋಗಿರಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಕ್ಕನ್ನು ಬಿಡದೆ, ದ್ವೇಷವನ್ನು ಕಟ್ಟಿಕೊಳ್ಳದೆ ನಿಲ್ಲುವುದು ಮೈತ್ರಿ. ಅದು ಮೆತ್ತಗಿರುವುದಲ್ಲ.

*ನಮ್ಮೊಳಗಿನ ಬೇಲಿ*

ಬೇರೆಯವರ ಬೇಲಿಯ ಬಗ್ಗೆ ಇಷ್ಟು ಮಾತಾಡಿ ನಮ್ಮದನ್ನು ಬಿಟ್ಟರೆ ಈ ಚಿಂತನೆ ಸುಳ್ಳಾಗುತ್ತದೆ. ಎರಡು ಕಡೆ ನಮ್ಮ ಬಂಧುತ್ವ ಪರೀಕ್ಷೆಗೆ ಬರುತ್ತದೆ: ಮದುವೆಯಲ್ಲಿ ಮತ್ತು ಪಾಲಿನಲ್ಲಿ.

ನಮ್ಮ ಗುಂಪುಗಳಲ್ಲಿ ಓಡಾಡುವ ವಧೂವರರ ಮಾಹಿತಿ ನೋಡಿ. ಮೇಲೆ ಧಮ್ಮಚಕ್ರದ ಚಿತ್ರ, ಧರ್ಮ: ಬೌದ್ಧ. ಕೆಳಗೆ ಬಲಗೈ ಅಥವಾ ಎಡಗೈ. "ಬೌದ್ಧರೇ, ಸರಿ. ಆದರೆ ನಮ್ಮ ಕಡೆಯವರಾ?" ಎಂಬ ಪ್ರಶ್ನೆ ಇನ್ನೂ ಸತ್ತಿಲ್ಲ. ಜಾತಿ ಕರಗಬೇಕಾದರೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು, ರಕ್ತ ಬೆರೆತಾಗಲೇ ನಮ್ಮವರೆಂಬ ಭಾವ ಹುಟ್ಟುತ್ತದೆ ಎಂದು 'ಜಾತಿ ವಿನಾಶ' ಹೇಳುತ್ತದೆ. ಇಲ್ಲಿ ಫ್ರೆಂಚ್ ಪದದ ಮೊದಲ ಅರ್ಥವೂ ಕೊನೆಯ ಅರ್ಥವೂ ಕೈ ಹಿಡಿಯುತ್ತವೆ: ಬಯಲಿನ ಸೋದರತೆಗೆ ಮನೆಯೊಳಗಿನ ನಂಟೇ ದಾರಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಎಷ್ಟು ರಕ್ತ ಹರಿಯಿತೆಂದು ನಾವೆಲ್ಲ ಕೇಳಿದ್ದೇವೆ. ಆ ಕತೆಗೆ ಕಣ್ಣೀರು ಹಾಕುವ ನಾವು ಎಡಗೈ-ಬಲಗೈ ಸಂಬಂಧಕ್ಕೆ ಹಿಂಜರಿಯಬಹುದೇ?

ಎರಡನೆಯದು ಪಾಲು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ತೆರೆಯಿತು. 2025ರ ಆಗಸ್ಟಿನಲ್ಲಿ ನಾಗಮೋಹನ್ ದಾಸ್ ಆಯೋಗ ವರದಿ ಕೊಟ್ಟಿತು. ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಶೇಕಡ 17ರ ಪಾಲನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಆ ಲೆಕ್ಕ ಸರಿಯೇ ಎಂದು ವಾದಿಸುವವರು ವಾದಿಸಲಿ, ಅದಕ್ಕೆ ಅಂಕಿಅಂಶಗಳಿವೆ, ವೇದಿಕೆಗಳಿವೆ. ನನ್ನ ಚಿಂತೆ ಬೇರೆ. 'ಜೈಭೀಮ್ ಬಂಧುಗಳೇ' ಎಂದು ದಿನ ಶುರು ಮಾಡುತ್ತಿದ್ದ ಗುಂಪುಗಳಲ್ಲಿ ಆ ದಿನಗಳಲ್ಲಿ ಎಂಥ ಮಾತುಗಳು ಬಂದವು ನೆನಪಿಸಿಕೊಳ್ಳಿ. ಪಾಲು ಕೇಳಿದವರನ್ನು ಮನೆ ಒಡೆಯುವವರು ಎಂದರು ಕೆಲವರು. ಹಿಂದೆ ಬಾಬಾಸಾಹೇಬರು ಪಾಲು ಕೇಳಿದಾಗ, ದೇಶ ಒಡೆಯುತ್ತಿದ್ದೀರಿ ಎಂದು ಅವರಿಗೂ ಹೇಳಿದ್ದರು. ಆ ಮಾತು ನಮ್ಮ ಬಾಯಲ್ಲಿ ಬರಬಾರದು. ಇನ್ನೊಂದು ಕಡೆಯವರು ಉಳಿದವರನ್ನೆಲ್ಲ ಕಳ್ಳರೆಂದರು. ಅದೂ ಬರಬಾರದು.

ನ್ಯಾಯವಾದ ಪಾಲು ಕೇಳುವುದು ಮೈತ್ರಿಗೆ ವಿರುದ್ಧವಲ್ಲ. ಕೇಳುವವನ ಹಸಿವು ತನ್ನ ಹಸಿವಿನಷ್ಟೇ ನಿಜ ಎಂದು ಕಾಣದಿರುವುದು ವಿರುದ್ಧ. ಹುಟ್ಟಿನ ಸೋದರರು ಪಾಲಿನ ಹೊತ್ತಿಗೆ ದಾಯಾದಿಗಳಾದರೆ ಅದು ಗಾದೆ. ಧಮ್ಮದ ಬಂಧುಗಳೂ ಹಾಗೆಯೇ ಆದರೆ, ನಾವು ಬದಲಿಸಿದ್ದು ಧರ್ಮದ ಕಾಲಂ ಮಾತ್ರ.

ಫ್ರಾನ್ಸಿನಲ್ಲಿ 2018ರ ಜುಲೈ 6ರಂದು ಒಂದು ತೀರ್ಪು ಬಂತು. ಸೆದ್ರಿಕ್ ಎರೂ ಎಂಬ ರೈತ, ಗಡಿ ದಾಟಿ ಬಂದ ವಲಸಿಗರಿಗೆ ಆಸರೆ ಕೊಟ್ಟಿದ್ದಕ್ಕೆ ಶಿಕ್ಷೆಗೊಳಗಾಗಿದ್ದ. ಅಲ್ಲಿನ ಸಂವಿಧಾನ ಮಂಡಳಿ, ಫ್ರತೆರ್ನಿತೆ ಎಂಬುದು ಗೋಡೆಯ ಮೇಲಿನ ಬರಹವಲ್ಲ, ಸಂವಿಧಾನದ ತತ್ತ್ವ ಎಂದಿತು. ಕಷ್ಟದಲ್ಲಿರುವವನ ಬಳಿ ಕಾಗದಪತ್ರ ಇರಲಿ ಇಲ್ಲದಿರಲಿ, ಮನುಷ್ಯತ್ವದಿಂದ ನೆರವಾಗುವ ಸ್ವಾತಂತ್ರ್ಯ ಅದರಿಂದಲೇ ಬರುತ್ತದೆ ಎಂದಿತು. ಆ ಪದ ಗೋಡೆಗೆ ಬಂದು 225 ವರ್ಷವಾಗಿತ್ತು. ಒಬ್ಬ ರೈತ ತನ್ನ ಮನೆಯ ಬಾಗಿಲು ತೆರೆದಿದ್ದರಿಂದ ಅದರ ಬೇಲಿ ಸ್ವಲ್ಪ ಹಿಂದೆ ಸರಿಯಿತು. ಪದಗಳ ಅರ್ಥ ನಿಘಂಟಿನಲ್ಲಿ ಬೆಳೆಯುವುದು ಕಡಿಮೆ, ಹೀಗೆ ಬೆಳೆಯುವುದೇ ಹೆಚ್ಚು.

ಇಂದು ಮೈತ್ರಿ ಭಾವನೆಗೆ ಕೂತಾಗ ಮೊದಲು ನಮಗೆ, ಆಮೇಲೆ ಪ್ರಿಯರಿಗೆ, ಆಮೇಲೆ ಅಪರಿಚಿತರಿಗೆ, ಕೊನೆಗೆ ನಮಗೆ ಆಗದವರಿಗೆ ಹಾರೈಸುತ್ತೇವೆ. ಈ ಸಲ ಮೂರನೆಯ ಮತ್ತು ನಾಲ್ಕನೆಯ ಹಂತಗಳ ನಡುವೆ ಸ್ವಲ್ಪ ನಿಲ್ಲೋಣ. ಅಲ್ಲಿ ನಮ್ಮದೇ ಧಮ್ಮದ, ಆದರೆ 'ನಮ್ಮ ಕಡೆಯವರಲ್ಲದ' ಒಂದು ಕುಟುಂಬವನ್ನು ನೆನೆಯೋಣ. ಸಾಧ್ಯವಾದರೆ ಈ ಭಾನುವಾರ ಅವರನ್ನು ಊಟಕ್ಕೆ ಕರೆಯೋಣ, ಅವರ ಮನೆಗೂ ಹೋಗೋಣ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು. ಜೈಭೀಮ್.